ಸ್ಕ್ಯಾನರಿಗೆ ಸಿಗದ ಮಲ್ಪೆಯ ಕಾರು: ಒಂದು ಪ್ರಕರಣ

ಆಗಸ್ಟ್ ಮೊದಲ ವಾರ, ಮಳೆ ಇನ್ನೂ ಬಿಟ್ಟಿರಲಿಲ್ಲ. ಆದಿ ಉಡುಪಿಯ ನಮ್ಮ ಶೆಡ್ಡಿಗೆ ಮಲ್ಪೆ ಕಡೆಯಿಂದ ಒಂದು ಬಿಳಿ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಬಂತು. 2015ರ ಗಾಡಿ, ಓಡಿದ್ದು 91 ಸಾವಿರ ಕಿಲೋಮೀಟರ್. ಯಜಮಾನರು ಮೀನಿನ ವ್ಯಾಪಾರದವರು. ಬಂದರಿನಲ್ಲಿ ಮೀನು ತೆಗೆದು ಉಡುಪಿ, ಮಣಿಪಾಲದ ಹೋಟೆಲುಗಳಿಗೆ ಕೊಡುತ್ತಾರೆ. ಇಳಿದವರೇ ಬಾನೆಟ್ ತೋರಿಸಿ ಹೇಳಿದರು:

"ಮೇಸ್ತ್ರಿ, ಇದರ ಇಸಿಎಂ ಹೋಗಿದೆಯಂತೆ. ನಲ್ವತ್ತು ಸಾವಿರದ ಮೇಲೆ ಆಗ್ತದೆ ಅಂತ ಹೇಳಿದ್ರು. ನೀವೊಮ್ಮೆ ನೋಡಿ ಮಾರಾಯ್ರೆ."

ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಅದು ಹೋಗಿದೆ ಅಂತ ಹೇಳಿದ್ದು ಯಾವ ಗ್ಯಾರೇಜು ಅಂತ ನಾನು ಕೇಳಲಿಲ್ಲ. ಅವರ ಲೆಕ್ಕ ಏನಿತ್ತು ಅಂತ ಮಾತ್ರ ಅರ್ಥವಾಯಿತು. ಚೆಕ್ ಇಂಜಿನ್ ದೀಪ ಹತ್ತಿದೆ. ಇಸಿಎಂ ಜೊತೆ ಮಾತಾಡಿ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಲಿಂಕ್ ಆಗುತ್ತಿಲ್ಲ. ಹಾಗಾದರೆ ಇಸಿಎಂ ಉತ್ತರ ಕೊಡುತ್ತಿಲ್ಲ, ಹಾಗಾದರೆ ಅದು ಹೋಗಿದೆ.

ಆದರೆ ಆ ಗಾಡಿ ಮಲ್ಪೆಯಿಂದ ನಮ್ಮ ಶೆಡ್ಡಿನವರೆಗೆ ತಾನೇ ಓಡಿಕೊಂಡು ಬಂದಿತ್ತು. ಕೀ ತಿರುಗಿಸಿದರೆ ಅರ್ಧ ಸುತ್ತಿಗೆ ಸ್ಟಾರ್ಟ್. ಇಂಜೆಕ್ಟರಿಗೆ ಪೆಟ್ರೋಲ್ ಬಿಡುವುದು, ಪ್ಲಗ್ಗಿಗೆ ಕಿಡಿ ಕೊಡುವುದು, ಕೀಯನ್ನು ಗುರುತು ಹಿಡಿಯುವುದು ಎಲ್ಲ ಇಸಿಎಂನ ಕೆಲಸ. ಅದು ಸತ್ತಿದ್ದರೆ ಗಾಡಿಯನ್ನು ಟೋ ಮಾಡಿಕೊಂಡು ಬರಬೇಕಿತ್ತು. ಇಸಿಎಂನೊಳಗೆ ಮಾತಾಡುವ ಭಾಗ ಮಾತ್ರ ಸುಡುವುದೂ ಉಂಟು, ಇಲ್ಲ ಅಂತಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ.

ಮೊದಲು ಟೂಲ್ ಮುಟ್ಟದೆ ಪ್ರಶ್ನೆ ಕೇಳಿದೆ. ಕೊನೆಗೆ ಸ್ಕ್ಯಾನರ್ ಸಿಕ್ಕಿದ್ದು ಯಾವಾಗ? ಮಾರ್ಚ್‌ನಲ್ಲಿ ಸರ್ವಿಸ್ ಮಾಡಿಸುವಾಗ ಸರಿಯಿತ್ತು. ಆಮೇಲೆ ಏನಾಯಿತು? ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ಇಲ್ಲದಿದ್ದರೆ ಇವರಿಗೂ ಗಾಡಿಗೂ ಕೆಲಸ ಕಮ್ಮಿ. ಎರಡು ತಿಂಗಳು ಗಾಜು ಏರಿಸಿ ಮನೆಯಂಗಳದಲ್ಲಿ ನಿಲ್ಲಿಸಿದ್ದರು. ಜುಲೈ ಕೊನೆಗೆ ತೆಗೆಯುವಾಗ ಬ್ಯಾಟರಿ ಇಳಿದಿತ್ತು. ಪಕ್ಕದ ಮನೆಯ ಗಾಡಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದರು. ಅವತ್ತಿನಿಂದ ದೀಪ ಹತ್ತಿದೆ.

"ಮತ್ತೆ ಹೊಂಡಕ್ಕೆ ಬಿದ್ದಾಗ ಮೀಟರಿನ ದೀಪ ಎಲ್ಲ ಒಮ್ಮೆ ಮಿಣಮಿಣ ಆಗ್ತದೆ. ಅದು ರೋಡಿನದ್ದೇ ತೊಂದರೆ ಅಲ್ವಾ?" ಅಂದರು.

ರೋಡಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಆದರೆ ಹೊಂಡಕ್ಕೆ ಮೀಟರ್ ಮಿಣುಕುವುದನ್ನು ಅವತ್ತೇ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ನನ್ನ ಒಂದು ದಿನ ಉಳಿಯುತ್ತಿತ್ತು. ಆಗ ಅದನ್ನು ಕೇಳಿ ಬಿಟ್ಟುಬಿಟ್ಟೆ.

ಜೊತೆಗೆ ಅವರ ಮಗ ಬಂದಿದ್ದ. ಕಾಲೇಜು ಹುಡುಗ, ಆನ್‌ಲೈನ್‌ನಲ್ಲಿ ತರಿಸಿದ ಒಂದು ನೀಲಿ ಡಾಂಗಲ್, ಅಂದರೆ ಗಾಡಿಗೆ ಚುಚ್ಚಿ ಫೋನಿನಲ್ಲಿ ಕೋಡ್ ಓದುವ ಪುಟ್ಟ ಸ್ಕ್ಯಾನರ್, ಅವನ ಹತ್ತಿರ ಇತ್ತು. ಮೇಲೆ ಇಎಲ್‌ಎಂ 327, ವಿ1.5 ಅಂತ ಬರೆದಿತ್ತು. ಅಸಲಿ ಇಎಲ್‌ಎಂ ಚಿಪ್ ಮಾಡಿದ ಕೆನಡಾದವರು 1.5 ಅನ್ನುವ ಆವೃತ್ತಿಯನ್ನು ಬಿಟ್ಟೇ ಇಲ್ಲ, ಹಾಗಾಗಿ ಇದು ನಕಲು. ಆದರೂ ಕೋಡ್ ಓದುವಷ್ಟು ಕೆಲಸ ಇವು ಮಾಡುತ್ತವೆ, ತಿರಸ್ಕರಿಸುವುದು ಬೇಡ.

"ಅಣ್ಣ, ಒಮ್ಮೊಮ್ಮೆ ಸಿಗ್ತದೆ, ಒಮ್ಮೊಮ್ಮೆ ಇಲ್ಲ. ಇವತ್ತು ಬ್ಲೂಟೂತೇ ಹಿಡೀತಿಲ್ಲ" ಅಂದ.

ಇಲ್ಲಿ ಒಂದು ಮಾತು. ಸ್ಕ್ಯಾನರ್ ಕನೆಕ್ಟ್ ಆಗ್ತಿಲ್ಲ ಅಂತ ಬರುವವರಿಗೆ ಅದು ಒಂದೇ ದೂರು, ನಮಗೆ ಎರಡು. ಫೋನಿನಿಂದ ಡಾಂಗಲ್‌ವರೆಗೆ ಒಂದು ದಾರಿ, ಡಾಂಗಲ್‌ನಿಂದ ಗಾಡಿಯವರೆಗೆ ಇನ್ನೊಂದು. ಯಾವುದು ಕಡಿದಿದೆ ಅಂತ ತಿಳಿಯದೆ ಕೈ ಹಾಕಿದರೆ ಸುಮ್ನೆ ಸಮಯ ಹಾಳು. ಡಾಂಗಲ್‌ನ ಕೆಂಪು ದೀಪ ಹತ್ತಿತ್ತು, ಅಂದರೆ ಕರೆಂಟ್ ಬರುತ್ತಿದೆ. ಪಿನ್ ನಂಬರ್ 1234 ಕೊಟ್ಟು ಹಿಂದೆಯೇ ಪೇರ್ ಮಾಡಿದ್ದ. ಫೋನಿನ ಲೊಕೇಶನ್ ಆನ್ ಮಾಡಿಸಿದೆ, ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಇಲ್ಲದಿದ್ದರೆ ಬ್ಲೂಟೂತ್ ಹುಡುಕುವುದೇ ಇಲ್ಲ. ಆಗಲೂ ಸಿಗಲಿಲ್ಲ. ಆಮೇಲೆ ಸುಮ್ಮನೆ ಕೇಳಿದೆ, ಬೇರೆ ಯಾರ ಫೋನಿಗೆ ಹಾಕಿದ್ದೀ?

ಅಪ್ಪನ ಫೋನಿಗೆ ಹಾಕಿದ್ದನಂತೆ. ಅಪ್ಪನ ಕಿಸೆಯಲ್ಲಿದ್ದ ಫೋನು ಗಾಡಿ ಹತ್ತಿರ ಬಂದ ಕೂಡಲೇ ಡಾಂಗಲನ್ನು ಹಿಡಿದುಕೊಂಡು ಕೂತಿತ್ತು. ಇಂಥ ಡಾಂಗಲ್ ಒಂದು ಸಲಕ್ಕೆ ಒಂದೇ ಫೋನಿನ ಜೊತೆ ಮಾತಾಡುವುದು. ಅಪ್ಪನ ಬ್ಲೂಟೂತ್ ಬಂದ್ ಮಾಡಿಸಿದ ಮೇಲೆ ಮಗನದ್ದು ಹಿಡಿಯಿತು. ಐಫೋನಿನವರಿಗೆ ಈ ಹಳೆಯ ಬ್ಲೂಟೂತ್ ಡಾಂಗಲ್ ಕಾಣುವುದೇ ಇಲ್ಲ, ಅವರು ವೈಫೈಯದ್ದು ಅಥವಾ ಹೊಸ ಬ್ಲೂಟೂತ್ ಎಲ್‌ಇ ಇರುವುದನ್ನು ತೆಗೆದುಕೊಳ್ಳಬೇಕು.

ಮೊದಲ ದಾರಿ ಸರಿಯಾಯಿತು. ಎರಡನೆಯದು ಆಗಲಿಲ್ಲ. ಆ್ಯಪ್ ಎರಡು ಸಲ ಪ್ರಯತ್ನ ಮಾಡಿ ಇಸಿಯು (ಇಸಿಎಂನದ್ದೇ ಇನ್ನೊಂದು ಹೆಸರು) ಸಿಗುತ್ತಿಲ್ಲ ಅಂತ ಕೈಚೆಲ್ಲಿತು. ಮೂರನೇ ಸಲ ಸಿಕ್ಕಿತು! ಆರ್‌ಪಿಎಂ ಮುಳ್ಳು 800ರ ಹತ್ತಿರ ಆಡಿತು. ಒಂದು ನಿಮಿಷವಾಗಲಿಲ್ಲ, ಕಡಿದು ಹೋಯಿತು. ಆದರೆ ಆ ಒಂದು ನಿಮಿಷ ನನಗೆ ಸಾಕಾಯಿತು. ಇಸಿಎಂ ಬಾಯಿಬಿಟ್ಟಿದೆ, ಹಾಗಾಗಿ ನಲ್ವತ್ತು ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಈಗ ನಮ್ಮ ದೊಡ್ಡ ಸ್ಕ್ಯಾನರ್. ಮೊದಲು ಅದನ್ನು ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಗಾಡಿಗೆ ಹಾಕಿ ನೋಡಿದೆ. ಹತ್ತು ಸೆಕೆಂಡಿನಲ್ಲಿ ಲಿಂಕ್. ಅಂದರೆ ಕೇಬಲ್, ಪೆಟ್ಟಿಗೆ, ಸಾಫ್ಟ್‌ವೇರ್ ಎಲ್ಲ ಸರಿ. ಈ ಗಾಡಿಗೆ ಹಾಕಿ, ಇಗ್ನಿಶನ್ ಪೂರ್ತಿ ಆನ್ ಮಾಡಿ, ಕಂಪೆನಿ ಮೆನುವಿನಲ್ಲೂ ಸಾದಾ ಓಬಿಡಿ (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಹೇಳುವ ವ್ಯವಸ್ಥೆ) ಮೆನುವಿನಲ್ಲೂ ಪ್ರಯತ್ನಿಸಿದೆ. ಎರಡರಲ್ಲೂ ನೋ ಕಮ್ಯುನಿಕೇಶನ್. ಅಗ್ಗದ ಡಾಂಗಲ್ ಒಮ್ಮೊಮ್ಮೆಯಾದರೂ ಸಿಗುತ್ತದೆ, ಇಷ್ಟು ದುಡ್ಡು ಕೊಟ್ಟ ನನ್ನ ಸ್ಕ್ಯಾನರ್ ಒಮ್ಮೆಯೂ ಸಿಗುವುದಿಲ್ಲ. ಹುಡುಗ ನನ್ನ ಮುಖ ನೋಡಿದ. ನಾನು ಟಾರ್ಚ್ ಹಿಡಿದು ಸ್ಟಿಯರಿಂಗ್ ಕೆಳಗೆ, ಸ್ಕ್ಯಾನರ್ ಚುಚ್ಚುವ ಪೋರ್ಟಿನ ಹತ್ತಿರ, ತಲೆ ಹಾಕಿದೆ.

ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಓಬಿಡಿ-2 ಬಂದ ಕಾರಣ ಈ ಪೋರ್ಟಿನ ಆಕಾರ, ಮುಖ್ಯ ಪಿನ್ನುಗಳ ಜಾಗ ಎಲ್ಲ ಒಂದೇ. ಒಟ್ಟು ಹದಿನಾರು ಕಿಂಡಿ. 16ರಲ್ಲಿ ಬ್ಯಾಟರಿಯ ಪ್ಲಸ್. 4ರಲ್ಲಿ ಬಾಡಿ ಅರ್ತ್, 5ರಲ್ಲಿ ಸಿಗ್ನಲ್ ಅರ್ತ್. 6 ಮತ್ತು 14ರಲ್ಲಿ ಕ್ಯಾನ್ ಲೈನಿನ ಜೋಡಿ ವೈರ್. ಹಳೆಯ ಗಾಡಿಗಳಲ್ಲಿ 7ರಲ್ಲಿ ಕೆ-ಲೈನ್, ಅಂದರೆ ಒಂದೇ ವೈರಿನಲ್ಲಿ ಮಾತಾಡುವ ಹಳೆಯ ಪದ್ಧತಿ. ಕ್ಯಾನ್ ಅಂದರೆ ಜರ್ಮನಿಯ ಬಾಷ್ ಕಂಪೆನಿ 1986ರಲ್ಲಿ ಹೊರತಂದ ವ್ಯವಸ್ಥೆ. ಹೆಣೆದ ಎರಡು ವೈರಿನಲ್ಲಿ ಗಾಡಿಯ ಎಲ್ಲ ಕಂಪ್ಯೂಟರುಗಳೂ ಮಾತಾಡುತ್ತವೆ.

ಮಲ್ಟಿಮೀಟರ್ ತೆಗೆದೆ. 16ರಿಂದ ಬ್ಯಾಟರಿ ಮೈನಸ್‌ಗೆ 12.4 ವೋಲ್ಟ್, ಫ್ಯೂಸ್ ಸರಿ. ಎಷ್ಟೋ ಗಾಡಿಗಳಲ್ಲಿ ಈ ಪಿನ್ನಿಗೂ ಸಿಗರೇಟ್ ಲೈಟರಿಗೂ ಒಂದೇ ಫ್ಯೂಸ್ ಇರುತ್ತದೆ. ಯಾರೋ ಅಗ್ಗದ ಮೊಬೈಲ್ ಚಾರ್ಜರ್ ಚುಚ್ಚಿ ಫ್ಯೂಸ್ ಹಾರಿಸಿದರೆ ಸ್ಕ್ಯಾನರ್ ಕೂಡ ಮಲಗುತ್ತದೆ. ಇಲ್ಲಿ ಹಾಗಿರಲಿಲ್ಲ. 16ರಿಂದ 4ಕ್ಕೆ 12.3. 16ರಿಂದ 5ಕ್ಕೂ 12.3. ಕರೆಂಟೂ ಉಂಟು, ಅರ್ತೂ ಉಂಟು ಅಂತ ಪುಸ್ತಕದಲ್ಲಿ ಟಿಕ್ ಹಾಕಿದೆ. ನನ್ನ ತಪ್ಪು ಶುರುವಾದದ್ದು ಅಲ್ಲಿ.

ಮುಂದೆ ಕ್ಯಾನ್ ಲೈನ್. ಬ್ಯಾಟರಿ ಬಿಚ್ಚಿ, ಐದು ನಿಮಿಷ ಬಿಟ್ಟು, 6 ಮತ್ತು 14ರ ನಡುವೆ ಓಮ್ಸ್ ಅಳೆದೆ. 60.4 ಬಂತು. ಲೈನಿನ ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರುತ್ತದೆ. ಎರಡೂ ಸೇರಿ 60 ತೋರಿಸಿದರೆ ಲೈನ್ ಇಡೀ ಇದೆ ಅಂತ ಲೆಕ್ಕ. 120 ಬಂದಿದ್ದರೆ ಎಲ್ಲೋ ಒಂದು ಕಡೆ ಕಡಿದಿದೆ, ಸೊನ್ನೆಯ ಹತ್ತಿರ ಬಂದಿದ್ದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಬ್ಯಾಟರಿ ಹಾಕಿ ಇಗ್ನಿಶನ್ ಕೊಟ್ಟೆ. ಬಾಡಿಗೆ ಹೋಲಿಸಿದರೆ 6ರಲ್ಲಿ 2.6 ವೋಲ್ಟ್, 14ರಲ್ಲಿ 2.4. ಆರೋಗ್ಯವಂತ ಕ್ಯಾನ್ ಮೀಟರಿನಲ್ಲಿ ಕಾಣುವುದು ಹೀಗೆಯೇ.

ಎಲ್ಲ ಸರಿ, ಲಿಂಕ್ ಮಾತ್ರ ಇಲ್ಲ. ಸಂಜೆ ಆರೂವರೆ ಆಗಿತ್ತು. ಗಾಡಿ ಇಲ್ಲಿಯೇ ಇರಲಿ ಅಂತ ಹೇಳಿ ಕಳಿಸಿದೆ. ಆ ರಾತ್ರಿ ನಾನೂ ಇಸಿಎಂ ಬಗ್ಗೆ ಒಂದು ಗಳಿಗೆ ಅನುಮಾನ ಪಟ್ಟೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಮಾರನೇ ದಿನ ದಾರಿ ತೋರಿಸಿದ್ದು ನಮ್ಮ ಶೆಡ್ಡಿನ ಹುಡುಗ. ನಾನು ಸ್ಕ್ರೀನ್ ನೋಡುತ್ತಿದ್ದೆ, ಅವನು ಪೋರ್ಟಿನ ಹತ್ತಿರ ಕೇಬಲ್ ಹಿಡಿದು ಬಗ್ಗಿದ್ದ.

"ಅಣ್ಣ, ನೀವು ಲಿಂಕ್ ಒತ್ತುವಾಗ ಈ ಪೆಟ್ಟಿಗೆಯ ದೀಪ ಸಣ್ಣ ಆಗ್ತದೆ."

ಇನ್ನೊಮ್ಮೆ ಒತ್ತಿದೆ. ಹೌದು. ಹಸಿರು ದೀಪ ಒಂದು ಕ್ಷಣ ಮಂಕಾಗಿ, ಆರಿ, ಮತ್ತೆ ಹತ್ತಿತು. ಸ್ಕ್ಯಾನರ್ ಪೆಟ್ಟಿಗೆ ಮಾತು ಶುರುಮಾಡುವ ಹೊತ್ತಿಗೆ ಕರೆಂಟ್ ಸಾಲದೆ ಬಿದ್ದು ಏಳುತ್ತಿತ್ತು. ನನ್ನ ಕೈಯಲ್ಲಿದ್ದ ಟ್ಯಾಬಿಗೆ ಅದರದ್ದೇ ಬ್ಯಾಟರಿ, ಅದಕ್ಕೆ ಸ್ಕ್ರೀನಿನಲ್ಲಿ ಏನೂ ಗೊತ್ತಾಗಲಿಲ್ಲ.

ಹಳೆಯ ಇಂಡಿಕೇಟರ್ ಬಲ್ಬ್ ಒಂದಕ್ಕೆ ಎರಡು ವೈರ್ ಬೆಸೆದದ್ದು ನಮ್ಮ ಡ್ರಾಯರಿನಲ್ಲಿ ಯಾವಾಗಲೂ ಇರುತ್ತದೆ. 21 ವಾಟ್ಸ್, ಹನ್ನೆರಡು ವೋಲ್ಟಿಗೆ ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಒಂದು ತುದಿ 16ಕ್ಕೆ, ಇನ್ನೊಂದು ನೇರ ಬ್ಯಾಟರಿ ಮೈನಸ್‌ಗೆ ಕೊಟ್ಟರೆ ಕಣ್ಣು ಕುಕ್ಕುವ ಬೆಳಕು. ಪ್ಲಸ್ ಸರಿ. ಆಮೇಲೆ ಆ ತುದಿಯನ್ನು ಪಿನ್ 4ಕ್ಕೆ ಕೊಟ್ಟೆ. ಬಲ್ಬಿನ ಒಳಗಿನ ತಂತಿ ಬೀಡಿ ಬೆಂಕಿಯ ಹಾಗೆ ಕೆಂಪಗಾಯಿತು, ಅಷ್ಟೇ. ಬಲ್ಬ್ ಹಾಗೇ ಹತ್ತಿರಲಿ ಅಂತ ಬಿಟ್ಟು ಪಿನ್ 4ರಿಂದ ಬ್ಯಾಟರಿ ಮೈನಸ್‌ಗೆ ಮೀಟರ್ ಹಿಡಿದೆ. ಇಲ್ಲಿ ಸೊನ್ನೆಯ ಹತ್ತಿರ ಇರಬೇಕು. ಇದ್ದದ್ದು 7.8 ವೋಲ್ಟ್. ಹನ್ನೆರಡರಲ್ಲಿ ಎಂಟು ವೋಲ್ಟ್ ಅರ್ತ್ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಹಾಗಾದರೆ ನಿನ್ನೆ ಮೀಟರ್ 12.3 ತೋರಿಸಿದ್ದು? ಅದೂ ಸುಳ್ಳಲ್ಲ. ಮಲ್ಟಿಮೀಟರ್ ಲೈನಿನಿಂದ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ಪೈಪಿನಲ್ಲಿ ಕಸ ಸಿಕ್ಕಿಕೊಂಡಿದ್ದರೂ ನಳ್ಳಿ ಬಂದ್ ಇರುವಾಗ ಪ್ರೆಶರ್ ಪೂರ್ತಿ ಇರುತ್ತದಲ್ಲ, ಹಾಗೆ. ನಳ್ಳಿ ತಿರುಗಿಸಿದಾಗ ನೀರು ತೊಟ್ಟಿಕ್ಕುತ್ತದೆ. ನೀಲಿ ಡಾಂಗಲ್‌ಗೆ ಬೇಕಾದ್ದು ಅರ್ಧ ಲೋಟ ನೀರು, ಅದಕ್ಕೆ ಒಮ್ಮೊಮ್ಮೆಯಾದರೂ ಸಿಕ್ಕಿತು. ನನ್ನ ಪೆಟ್ಟಿಗೆ ಸುಮಾರು ಅರ್ಧ ಆಂಪಿಯರ್ ಎಳೆಯುವಂಥದ್ದು, ಒಂಬತ್ತು ವೋಲ್ಟಿಗಿಂತ ಕೆಳಗೆ ಹೋದರೆ ಮಲಗಿಬಿಡುತ್ತದೆ. ಜೊತೆಗೆ ಇನ್ನೊಂದು ವಿಷಯ. ಸ್ಕ್ಯಾನರಿನ ಅರ್ತ್ ಮೇಲೆದ್ದರೆ ಅದರ ಸೊನ್ನೆ ಬೇರೆ, ಇಸಿಎಂನ ಸೊನ್ನೆ ಬೇರೆ ಆಗುತ್ತದೆ. ಕ್ಯಾನ್ ಒಂದೆರಡು ವೋಲ್ಟ್ ವ್ಯತ್ಯಾಸ ತಡೆದುಕೊಳ್ಳುತ್ತದೆ, ಕೆ-ಲೈನ್ ಆದರೆ ಅಷ್ಟನ್ನೂ ತಡೆಯುವುದಿಲ್ಲ.

ಅರ್ತ್ ವೈರನ್ನು ಹಿಂಬಾಲಿಸಿದೆ. ಈ ಗಾಡಿಯಲ್ಲಿ 4, 5 ಎರಡೂ, ಮೀಟರ್ ಬೋರ್ಡಿನ ಅರ್ತೂ ಸೇರಿ ಎಡಗಡೆ, ಪಕ್ಕದ ಸೀಟಿನವರು ಕಾಲಿಡುವ ಜಾಗದ ಮೂಲೆಯಲ್ಲಿ ಒಂದೇ ಬೋಲ್ಟಿಗೆ ಹೋಗುತ್ತವೆ. ಪ್ಲಾಸ್ಟಿಕ್ ಕವರ್ ತೆಗೆದು, ಕಾರ್ಪೆಟ್ ಎತ್ತಿದೆ.

ಮೊದಲು ಬಂದದ್ದು ವಾಸನೆ.

ಕಾರ್ಪೆಟ್ ಮೇಲಿನಿಂದ ಒಣಗಿದ ಹಾಗೆ ಕಾಣುತ್ತಿತ್ತು. ಅಡಿಯ ಫೋಮ್ ಹಿಂಡಿದರೆ ಕಂದು ನೀರು ಸುರಿಯಿತು, ಒಂದು ಲೋಟಕ್ಕೆ ಕಮ್ಮಿ ಇಲ್ಲ. ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಕಟ್ಟಿತ್ತು. ಈ ಜಾಗದಲ್ಲಿ ನೀರು ಕಂಡರೆ ಸಾಮಾನ್ಯವಾಗಿ ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡಿರುತ್ತದೆ, ಇಲ್ಲದಿದ್ದರೆ ಗಾಜಿನ ಕೆಳಗಿನ ತೂತುಗಳಲ್ಲಿ ಎಲೆ ತುಂಬಿರುತ್ತದೆ. ಎರಡನ್ನೂ ನೋಡಿದೆ, ಎರಡೂ ಸರಿಯಿತ್ತು. ಅಲ್ಲದೆ ಎಸಿ ನೀರಿಗೂ ಮಳೆನೀರಿಗೂ ಉಪ್ಪಿನ ಗೆರೆ ಬರುವುದಿಲ್ಲ. ಯಜಮಾನರಿಗೆ ಫೋನ್ ಮಾಡಿದೆ.

"ಮೀನು ಎಲ್ಲಿಡ್ತೀರಿ ಗಾಡಿಯಲ್ಲಿ?"

"ದೊಡ್ಡ ಬಾಕ್ಸ್ ಡಿಕ್ಕಿಯಲ್ಲಿ. ಅಂಜಲ್ ಮೀನು ಇದ್ದರೆ ಸಣ್ಣ ಥರ್ಮಾಕೋಲ್ ಬಾಕ್ಸ್ ಎದುರು, ಕಾಲಿನ ಹತ್ರ. ಅದು ಕಣ್ಣೆದುರೇ ಇರ್ಬೇಕಲ್ಲ, ರೇಟು ಜಾಸ್ತಿ ಅದಕ್ಕೆ."

"ಬಾಕ್ಸ್ ಸೋರ್ತದಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಸ್ವಲ್ಪ ಚಂಡಿ ಆಗ್ತದೆ. ಆಮೇಲೆ ಒಣಗ್ತದಲ್ಲ?"

ಒಣಗಿರಲಿಲ್ಲ. ಮೇ ತಿಂಗಳ ಕೊನೆಯ ಐಸ್ ನೀರು ಫೋಮ್‌ನಲ್ಲಿ ಹಾಗೇ ಕೂತು, ಗಾಜು ಮುಚ್ಚಿದ ಗಾಡಿಯೊಳಗೆ ಜೂನ್, ಜುಲೈಯ ಸೆಕೆಯಲ್ಲಿ ಎರಡು ತಿಂಗಳು ಬೇಯುತ್ತಿತ್ತು. ಆ ಬೋಲ್ಟ್ ಫೋಮ್‌ಗೆ ತಾಗಿಕೊಂಡೇ ಇದೆ. 10 ನಂಬರ್ ಸ್ಪ್ಯಾನರ್ ಹಾಕಿದೆ, ಕಿರ್ ಅಂತ ಸದ್ದು ಮಾಡಿ ತಿರುಗಿತು. ಒಂದರ ಮೇಲೊಂದು ಮೂರು ಲಗ್, ಅಂದರೆ ವೈರಿನ ತುದಿಗೆ ಒತ್ತಿದ ಲೋಹದ ಬಳೆ. ಮೇಲಿನದ್ದು ಬರೀ ಕಪ್ಪಾಗಿತ್ತು. ನಡುವಿನದ್ದರ ಮೇಲೆ ಹಸಿರು ಕಿಲುಬು, ಹಳೆಯ ತಾಮ್ರದ ಹಂಡೆಯ ತಳದಲ್ಲಿ ಕಾಣುತ್ತದಲ್ಲ, ಅದೇ ಬಣ್ಣ. ಕೆಳಗಿನದ್ದು ಉಗುರು ತಾಗಿಸಿದ್ದಕ್ಕೆ ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಹೊಂಡಕ್ಕೆ ಬಿದ್ದಾಗ ಮೀಟರ್ ಮಿಣುಕುತ್ತಿದ್ದದ್ದೂ ಇದರಿಂದಲೇ.

ರಿಪೇರಿಯಲ್ಲಿ ದೊಡ್ಡ ವಿಷಯ ಏನಿಲ್ಲ, ಒಂದು ಬಿಟ್ಟರೆ. ಹೊಸ ಲಗ್ ಹಾಕಲು ವೈರಿನ ಸಿಪ್ಪೆ ಸುಲಿದರೆ ಒಳಗೆ ತಾಮ್ರ ಕಪ್ಪು. ಉಪ್ಪುನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮೇಲೇರುತ್ತದೆ. ಎರಡು ಇಂಚು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಕಪ್ಪು ವೈರಿಗೇ ಲಗ್ ಒತ್ತಿದ್ದರೆ ಮುಂದಿನ ಮಳೆಗಾಲಕ್ಕೆ ಗಾಡಿ ಮತ್ತೆ ಇಲ್ಲಿರುತ್ತಿತ್ತು. ವೈರ್ ಗಿಡ್ಡ ಆದದ್ದಕ್ಕೆ ಹೊಸ ತುಂಡು ಜೋಡಿಸಿ, ಸ್ಲೀವ್ ಹಾಕಿ, ಅರ್ತನ್ನು ಅರ್ಧ ಅಡಿ ಮೇಲಿನ ಇನ್ನೊಂದು ಬೋಲ್ಟಿಗೆ ಕೊಟ್ಟೆ. ಬಾಡಿಯ ಪೇಂಟ್ ಉಜ್ಜಿ ತಗಡು ಕಾಣುವ ಹಾಗೆ ಮಾಡಿ, ಬಿಗಿದು, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ. ಮೊದಲೇ ಜೆಲ್ಲಿ ಬಳಿದು ಬಿಗಿಯುವವರು ಇದ್ದಾರೆ, ನನಗೆ ಆ ಅಭ್ಯಾಸ ಇಲ್ಲ. ಬಲ್ಬ್ ಹಾಕಿ ಅಳೆದೆ: 7.8 ಇದ್ದದ್ದು 0.04ಕ್ಕೆ ಬಂತು.

ಸ್ಕ್ಯಾನರ್ ಹಾಕಿದೆ. ಲಿಂಕ್ ಆಯಿತು. ಹುಡುಗನಿಗೆ ಚಾ ತರಲು ದುಡ್ಡು ಕೊಟ್ಟೆ. ಅವನು ಬಾಗಿಲಿನಿಂದ ಹೊರಗೆ ಹೋಗುವಾಗ ಕಾಲು ಕೇಬಲಿಗೆ ತಾಗಿತು, ಲಿಂಕ್ ಕಡಿಯಿತು.

ಮತ್ತೆ ಹಾಕಿದೆ, ಸಿಕ್ಕಿತು. ಪ್ಲಗ್ಗನ್ನು ಸ್ವಲ್ಪ ಅಲುಗಾಡಿಸಿದೆ, ಕಡಿಯಿತು. ಪೆಟ್ಟಿಗೆಯ ದೀಪ ಮಾತ್ರ ಈ ಸಲ ಮಂಕಾಗಲಿಲ್ಲ. ಗುಜರಿ ಪ್ಲಗ್ ಒಂದರಿಂದ ತೆಗೆದಿಟ್ಟ ಒಂಟಿ ಪಿನ್ನನ್ನು ಒಂದೊಂದು ಕಿಂಡಿಗೂ ತೂರಿಸಿ ಎಳೆದು ನೋಡಿದೆ. ಎಲ್ಲ ಕಡೆ ಬಿಗಿಯಾಗಿ ಹಿಡಿಯುತ್ತಿತ್ತು, 6ರಲ್ಲಿ ಮಾತ್ರ ಸಡಿಲ. ಇದಕ್ಕೆ ಮೀನಿನ ನೀರು ಕಾರಣ ಅಲ್ಲ, ನಾನು. ಹಿಂದಿನ ದಿನ ಅವಸರದಲ್ಲಿ ಮೀಟರಿನ ದಪ್ಪ ಕಡ್ಡಿಯನ್ನು ಆ ಕಿಂಡಿಗೆ ಒತ್ತಿದ್ದೆ, ಒಳಗೆ ಪಿನ್ನನ್ನು ಹಿಡಿಯುವ ಲೋಹದ ಎಲೆ ಅಗಲವಾಗಿತ್ತು. ಅಳೆಯುವುದಾದರೆ ಹಿಂಬದಿಯಿಂದ ಸಪೂರ ಸೂಜಿ ಕೊಟ್ಟು ಅಳೆಯಬೇಕು, ಇಲ್ಲವೇ ಸರಿಯಾದ ಗಾತ್ರದ ಪಿನ್ ತೂರಿಸಿ ಅದಕ್ಕೆ ಕಡ್ಡಿ ಹಿಡಿಯಬೇಕು. ಹುಡುಗರಿಗೆ ನೂರು ಸಲ ಹೇಳಿದ ಮಾತು ಇದು. ಆ ಟರ್ಮಿನಲ್ ಹೊರಗೆ ತೆಗೆದು ಎಲೆ ಒಳಗೆ ಬಗ್ಗಿಸಿ ಕೂರಿಸಿದೆ. ಅದರ ಚಾರ್ಜು ಹಾಕಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಪ್ಲಗ್ ಅಲ್ಲಾಡಿಸಿದರೂ ಲಿಂಕ್ ನಿಂತಿತು. ಇಷ್ಟೆಲ್ಲ ಆದ ಮೇಲೆ ಅಸಲಿ ದೂರು ಏನು ಅಂತ ಓದಿದೆ. ಇದ್ದದ್ದು ಒಂದೇ ಕೋಡ್, ಪಿ0113. ಇಂಜಿನ್ ಒಳಗೆ ಎಳೆಯುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಲೈನಿನಲ್ಲಿ ವೋಲ್ಟೇಜ್ ಜಾಸ್ತಿ, ಅಂದರೆ ಹೆಚ್ಚಾಗಿ ವೈರ್ ಕಡಿದಿದೆ. ಲೈವ್ ಡೇಟಾ ತೆಗೆದರೆ ಗಾಳಿಯ ಬಿಸಿ ಮೈನಸ್ 40 ಡಿಗ್ರಿ ಸೆಲ್ಸಿಯಸ್. ಉಡುಪಿಯಲ್ಲಿ! ಹುಡುಗ ಚಾ ಲೋಟ ಹಿಡಿದು ಐದು ನಿಮಿಷ ನಕ್ಕ. ಈ ಸೆನ್ಸರಿನ ವೈರ್ ಕಡಿದರೆ ತೋರಿಸುವುದು ಅದೇ ಅಂಕಿ.

ಏರ್ ಫಿಲ್ಟರ್ ಪೆಟ್ಟಿಗೆಯ ಹಿಂದೆ ನೋಡಿದರೆ ಹುಲ್ಲು, ತೆಂಗಿನ ನಾರು, ಅರ್ಧ ತಿಂದ ಒಣ ಸಿಗಡಿ. ಇಲಿ ಮಳೆಗಾಲ ಕಳೆಯಲು ಅಲ್ಲಿ ಮನೆ ಮಾಡಿತ್ತು. ಸೆನ್ಸರಿನ ಎರಡು ವೈರಿನಲ್ಲಿ ಒಂದನ್ನು ಪೂರ್ತಿ ಕಡಿದಿತ್ತು, ಇನ್ನೊಂದರ ಸಿಪ್ಪೆ ಸುಲಿದಿತ್ತು. ಎರಡನ್ನೂ ಜೋಡಿಸಿ ಸ್ಲೀವ್ ಹಾಕಿದ ಮೇಲೆ 31 ಡಿಗ್ರಿ ತೋರಿಸಿತು. ಕೋಡ್ ಅಳಿಸಿ ಮಣಿಪಾಲದವರೆಗೆ ಓಡಿಸಿ ಬಂದೆ. ದೀಪ ಮತ್ತೆ ಹತ್ತಲಿಲ್ಲ, ಹೊಂಡಗಳಲ್ಲಿ ಮೀಟರ್ ಮಿಣುಕಲೂ ಇಲ್ಲ.

ಬಿಲ್ 1,450 ರೂಪಾಯಿ, ಅದರಲ್ಲಿ ಸಾಮಾನಿನದ್ದು ಇನ್ನೂರು ದಾಟಿರಲಿಲ್ಲ. ಯಜಮಾನರು ಎರಡು ಸಲ ಓದಿ, "ಇಷ್ಟೇಯಾ?" ಅಂದರು. ಆಮೇಲೆ ಮಗನ ಕಡೆ ತಿರುಗಿ, "ನೋಡು, ನಿನ್ನ ಮುನ್ನೂರು ರೂಪಾಯಿಯ ಡಾಂಗಲ್ ಸರಿಯೇ ಇತ್ತು" ಅಂದರು. ಅವನು ಬೀಗಿದ್ದು ನ್ಯಾಯವೇ. ಆ ಒಂದು ನಿಮಿಷದ ಆರ್‌ಪಿಎಂ ಕಾಣದಿದ್ದರೆ ನಾನು ಇಸಿಎಂ ಬಿಚ್ಚಿ ಬೆಂಚಿನ ಮೇಲೆ ಇಡುತ್ತಿದ್ದೆನೋ ಏನೋ.

ಕಾರ್ಪೆಟ್ ಮಾತ್ರ ಉಳಿಯಿತು. ಸೋಪಿನ ನೀರಿನಲ್ಲಿ ಮೂರು ಸಲ ತೊಳೆದು ಶೆಡ್ಡಿನ ಮಾಡಿನ ಕೆಳಗೆ ಹಗ್ಗ ಕಟ್ಟಿ ನೇತು ಹಾಕಿದೆವು. ಆ ಮಳೆಯಲ್ಲಿ ಒಣಗಲು ನಾಲ್ಕು ದಿನ ಬೇಕಾಯಿತು. ನಾಲ್ಕೂ ದಿನ ಊರಿನ ಬೆಕ್ಕುಗಳು ಅದರ ಕೆಳಗೆ ಸಾಲಾಗಿ ಕೂತು ಮೇಲೆ ನೋಡುತ್ತಿದ್ದವು. ಸೆಪ್ಟೆಂಬರ್ ಕೊನೆಗೆ ಅವರು ಆಯಿಲ್ ಬದಲಿಸಲು ಬಂದಾಗ ಬಲ್ಬ್ ಹಾಕಿ ಇನ್ನೊಮ್ಮೆ ಅಳೆದೆ, 0.05 ಇತ್ತು. ಅಂಜಲ್ ಬಾಕ್ಸ್ ಈಗಲೂ ಎದುರಿನ ಸೀಟಿನ ಕಾಲಿನ ಹತ್ತಿರವೇ, ಆದರೆ ಅದರ ಅಡಿಗೆ ಮಗು ಮೀಯುವ ಕೆಂಪು ಪ್ಲಾಸ್ಟಿಕ್ ಟಬ್ ಒಂದು ಬಂದಿದೆ.